ಗೋಡೆಗೆ ಯಾವುದು ಸರಿ: ಕೆಂಪುಕಲ್ಲು, ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕ್, ಮಣ್ಣಿನ ಇಟ್ಟಿಗೆಗಳ ಹೋಲಿಕೆ

ಮನೆ ಕಟ್ಟಿಸಲು ಹೊರಟವರಲ್ಲಿ ಹೆಚ್ಚಿನವರು ಗೋಡೆಯ ಸಾಮಗ್ರಿಯನ್ನು ಆರಿಸುವಾಗ ಮೊದಲು ವಿಚಾರಿಸುವುದು ಒಂದು ಇಟ್ಟಿಗೆಗೆ ಎಷ್ಟು, ಒಂದು ಬ್ಲಾಕಿಗೆ ಎಷ್ಟು ಎಂಬ ದರವನ್ನು. ದರ ಮುಖ್ಯವೇ, ಆದರೆ ಎಂಟು ಇಂಚಿನ ಒಂದು ಸಿಮೆಂಟ್ ಬ್ಲಾಕಿನ ಜಾಗವನ್ನು ತುಂಬಲು ಏಳೆಂಟು ಇಟ್ಟಿಗೆ ಬೇಕಾಗುತ್ತದೆ, ಇಟ್ಟಿಗೆಗೆ ಹೆಚ್ಚು ಗಾರೆ ಹಿಡಿಯುತ್ತದೆ, ಒಳ್ಳೆಯ ಕೆಂಪುಕಲ್ಲಿಗೆ ಹೊರಗಿನ ಗಿಲಾವೇ ಬೇಡವಾಗಬಹುದು. ಆದ್ದರಿಂದ ಬಿಡಿ ದರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಕಲ್ಲು, ಸಾಗಣೆ, ಗಾರೆ, ಕೂಲಿ, ಗಿಲಾವು ಎಲ್ಲ ಸೇರಿ ಮುಗಿದ ಗೋಡೆಯ ಒಂದು ಚದರಡಿಗೆ ಎಷ್ಟು ಬೀಳುತ್ತದೆ ಎಂದು ಮೇಸ್ತ್ರಿಯನ್ನು ಕೇಳಬೇಕು. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಇನ್ನೊಂದು ಪ್ರಶ್ನೆಯಿದೆ. ಈ ಗೋಡೆ ಮೇಲಿನ ಭಾರವನ್ನು ತಾನೇ ಹೊರುತ್ತದೆಯೇ, ಇಲ್ಲವೇ ಪಿಲ್ಲರುಗಳ ನಡುವೆ ಬರೀ ಮರೆಯಾಗಿ ನಿಲ್ಲುತ್ತದೆಯೇ? ಇದನ್ನು ತೀರ್ಮಾನಿಸದೆ ಸಾಮಗ್ರಿ ಆರಿಸಲು ಹೊರಟರೆ ಹಣವೂ ಹೋಗುತ್ತದೆ, ಗೋಡೆಯೂ ಸೀಳುತ್ತದೆ.

ಭಾರ ಹೊರುವ ಗೋಡೆ, ಮರೆಯ ಗೋಡೆ

ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟುವ ಎರಡಂತಸ್ತಿನ ಮನೆಗೂ ಈಗ ಒಂಬತ್ತೋ ಹನ್ನೆರಡೋ ಪಿಲ್ಲರು ಎಬ್ಬಿಸಿ, ಬೀಮು ಹಾಯಿಸಿ, ಆಮೇಲೆ ನಡುವಿನ ಜಾಗಕ್ಕೆ ಗೋಡೆ ತುಂಬುವುದು ರೂಢಿಯಾಗಿದೆ. ಪಿಲ್ಲರಿಲ್ಲದ ಮನೆ ಗಟ್ಟಿಯಲ್ಲ ಎಂಬ ನಂಬಿಕೆ ಹಳ್ಳಿಗಳವರೆಗೂ ಹಬ್ಬಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಹತ್ತು ಹನ್ನೆರಡು ಅಡಿ ಅಗಲದ ಕೋಣೆಗಳಿರುವ ಎರಡಂತಸ್ತಿನ ಮನೆಯಲ್ಲಿ, ಎರಡು ಕಡೆಯ ಮಾಳಿಗೆಯ ಭಾರವನ್ನೂ ಹೊರುವ ನೆಲಮಹಡಿಯ ಒಂಬತ್ತು ಇಂಚಿನ ನಡುಗೋಡೆಯ ಮೇಲೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 0.3 ನ್ಯೂಟನ್. ಇಟ್ಟಿಗೆಯೊಂದರ ಬಿಡಿ ಬಲ ಅದೇ ಅಳತೆಯಲ್ಲಿ 5 ನ್ಯೂಟನ್ ಇದ್ದರೆ, ಸಾಧಾರಣ ಗಾರೆಯಲ್ಲಿ ಕಟ್ಟಿ ಗೋಡೆಯಾದ ಮೇಲೆ ಸುರಕ್ಷಿತವಾಗಿ ಲೆಕ್ಕಕ್ಕೆ ಹಿಡಿಯಬಹುದಾದದ್ದು ಅದರ ಹತ್ತನೆಯ ಒಂದು ಭಾಗದಷ್ಟು, ಅಂದರೆ 0.5ರ ಆಸುಪಾಸು. ಹಾಗಾಗಿ 5 ನ್ಯೂಟನ್ ಬಲದ ಸಾಮಗ್ರಿ ಎರಡಂತಸ್ತಿಗೆ ಸಾಕು, 3.5 ನ್ಯೂಟನ್ನಿನದು ಒಂದೇ ಅಂತಸ್ತಿಗೆ ಧಾರಾಳ, ಎರಡಕ್ಕೆ ಅಂಚಿನಲ್ಲಿ ನಿಲ್ಲುತ್ತದೆ.

ಇದಕ್ಕೆ ಕೆಲವು ಕಟ್ಟುಪಾಡುಗಳಿವೆ. ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರಬೇಕು, ಮೂಲೆಗೆ ಅಂಟಿಕೊಂಡಂತೆ ದೊಡ್ಡ ಕಿಟಕಿ ಬರಬಾರದು, ಲಿಂಟಲ್ಲಿನ ಮಟ್ಟದಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಮನೆಯ ಸುತ್ತ ಎಲ್ಲಿಯೂ ಕಡಿಯದೆ ಹಾಯಬೇಕು. ಇವಿಷ್ಟಕ್ಕೆ ಒಪ್ಪುವವರಿಗೆ ಪಿಲ್ಲರಿನ ಕಬ್ಬಿಣ ಮತ್ತು ಸಿಮೆಂಟಿನ ಖರ್ಚು ಪೂರ್ತಿ ಉಳಿಯುತ್ತದೆ. ಕೆಳಗೆ ವಾಹನ ನಿಲ್ಲಿಸಲು ತೆರೆದ ಜಾಗ ಬೇಕಾದವರು, ಮೂರನೆಯ ಅಂತಸ್ತನ್ನು ಮುಂದೆ ಏರಿಸುವವರು, ಎರೆಮಣ್ಣಿನ ಆಳವಾದ ನೆಲದಲ್ಲಿ ಕಟ್ಟುವವರು ಪಿಲ್ಲರಿಗೆ ಹೋಗುವುದೇ ಸರಿ. ಹಾಗೆ ಹೋದವರು ಆಮೇಲೆ ಗೋಡೆಗೂ ಎಂಟು ಇಂಚಿನ ಭಾರದ ಬ್ಲಾಕು ಹಾಕಿಸಿದರೆ, ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಟ್ಟಂತಾಗುತ್ತದೆ. ಅಲ್ಲಿ ಬೇಕಾದದ್ದು ಹಗುರವಾದ ಗೋಡೆ.

ಭಾರದ ಅಂತರ ಎಷ್ಟೆಂಬುದನ್ನು ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದು ಗೋಡೆಯಲ್ಲೇ ನೋಡಬಹುದು. ಎಂಟು ಇಂಚಿನ ಸಿಮೆಂಟ್ ಬ್ಲಾಕಿನದಾದರೆ ಅದು ಸುಮಾರು 4 ಟನ್ ತೂಗುತ್ತದೆ. ಒಂಬತ್ತು ಇಂಚಿನ ಸುಟ್ಟ ಇಟ್ಟಿಗೆಯ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ. ಒಂದೂ ಕಾಲು ಅಡಿ ದಪ್ಪದ ಕಾಡುಗಲ್ಲಿನ ಗೋಡೆ 8 ಟನ್ ಮೀರುತ್ತದೆ. ಒಳಗೆ ಗಾಳಿಯ ಗುಳ್ಳೆಗಳಿರುವ ಹಗುರ ಬ್ಲಾಕು, ಅಂದರೆ ಎಎಸಿ, ಎಂಟು ಇಂಚಿನದಾದರೆ ಸುಮಾರು 1.2 ಟನ್ ಮಾತ್ರ.

ಕೆಂಪುಕಲ್ಲು

ಮಂಗಳೂರು ಉಡುಪಿಗಳಲ್ಲಿ ಕೆಂಪುಕಲ್ಲು, ಮುರಕಲ್ಲು ಎಂದೂ, ಮಲೆನಾಡಿನಲ್ಲಿ ಜಂಬಿಟ್ಟಿಗೆ ಎಂದೂ, ಉತ್ತರ ಕನ್ನಡದಲ್ಲಿ ಚಿರೆಕಲ್ಲು ಎಂದೂ ಕರೆಯುವ ಈ ಕಲ್ಲು ಕರಾವಳಿಯ ನೆಲವೇ ಕೊಟ್ಟ ಇಟ್ಟಿಗೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಪದದಿಂದಲೇ ಲ್ಯಾಟರೈಟ್ ಎಂಬ ಹೆಸರು ಕಟ್ಟಿದ. ಆ ಹೆಸರಿದ್ದ ಅವನ ಪುಸ್ತಕ 1807ರಲ್ಲಿ ಬಂತು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳನ್ನು ಉಳಿಸಿದ್ದರಿಂದ ಆದ ಕಲ್ಲು ಇದು. ನೆಲದಡಿಯಲ್ಲಿ ಹಸಿಯಾಗಿದ್ದಾಗ ಸುಲಭವಾಗಿ ಕಡಿಯಲು ಬರುತ್ತದೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಇದೇ ಕಲ್ಲಿನಿಂದ ಕಟ್ಟಿದ ಕುಮಟಾ ಬಳಿಯ ಮಿರ್ಜಾನ್ ಕೋಟೆ ಕರಾವಳಿಯ ಮಳೆಯನ್ನು ಶತಮಾನಗಳಿಂದ ಸಹಿಸಿಕೊಂಡು ನಿಂತಿದೆ.

ಕೆಂಪುಕಲ್ಲಿನಲ್ಲಿ ಎಲ್ಲವೂ ಒಂದೇ ಅಲ್ಲ, ಆರಿಸುವವರು ಇಲ್ಲಿಯೇ ಎಡವುತ್ತಾರೆ. ಕಲ್ಲುಕೋರೆಯ ಮೇಲಿನ ಪದರದ್ದು ಗಟ್ಟಿ. ಆಳಕ್ಕೆ ಇಳಿದಂತೆ ಕಲ್ಲು ಮೆದುವಾಗುತ್ತ, ಕೊನೆಗೆ ಕರಾವಳಿಯವರು ಶೇಡಿ ಎನ್ನುವ ಬಿಳಿಮಣ್ಣು ಸಿಗುತ್ತದೆ. ಲಾರಿಯಿಂದ ಇಳಿಸಿದ ಕಲ್ಲಿನಲ್ಲಿ ಬಿಳಿ ಅಥವಾ ತಿಳಿಹಳದಿ ಮಚ್ಚೆಗಳು ದೊಡ್ಡದಾಗಿ ಕಂಡರೆ ಅದು ಶೇಡಿಗೆ ಹತ್ತಿರದ ಪದರದಿಂದ ಬಂದದ್ದು. ಆ ಭಾಗ ಮಳೆಯಲ್ಲಿ ತೊಳೆದುಹೋಗಿ ಗೋಡೆಯಲ್ಲಿ ಹೊಂಡವಾಗುತ್ತದೆ. ಬಣ್ಣ ಗಾಢವಾಗಿರಬೇಕು, ಎತ್ತಿದಾಗ ಭಾರ ಹತ್ತಬೇಕು, ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರೆ ಪುಡಿ ಉದುರಬಾರದು. ಭಾರತೀಯ ಮಾನಕ 3620ರ ಪ್ರಕಾರ ಕೆಂಪುಕಲ್ಲಿನ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್ನಿಗಿಂತ ಕಡಿಮೆ ಇರಬಾರದು, ನೀರು ಹೀರುವಿಕೆ ತೂಕದ ನೂರಕ್ಕೆ 12ನ್ನು ಮೀರಬಾರದು. ಹತ್ತಾರು ಕಲ್ಲುಗಳಲ್ಲಿ ನಾಲ್ಕನ್ನು ಆರಿಸಿ, ಚೆನ್ನಾಗಿ ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದರೆ ಎರಡನೆಯದನ್ನು ಮನೆಯಲ್ಲೇ ತಿಳಿಯಬಹುದು.

ಈ ಕಲ್ಲಿನ ಗುಣವೂ ದೋಷವೂ ಅದರ ರಂಧ್ರಗಳಲ್ಲೇ ಇವೆ. ಬಿಸಿಲನ್ನು ಅದು ಕಾಡುಗಲ್ಲಿನಷ್ಟು ಬೇಗ ಒಳಗೆ ಬಿಡುವುದಿಲ್ಲ. ಆದರೆ ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಕರಾವಳಿಯಲ್ಲಿ ಪಡುವಣ ಗಾಳಿಗೆ ಮುಖ ಕೊಟ್ಟ ಬರಿಗೋಡೆ ನೀರು ಕುಡಿಯದೆ ಇರದು. ಹಿಂದಿನವರಿಗೆ ಇದು ಗೊತ್ತಿತ್ತು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಪಕ್ಕಾಸು, ರೀಪು, ಮಂಗಳೂರು ಹಂಚು, ಗೋಡೆಯಿಂದ ಎರಡು ಮೂರು ಅಡಿ ಹೊರಚಾಚಿದ ಮಾಡು ಎಂಬ ಕ್ರಮ ಊರೂರಿಗೂ ಹರಡಿತು. ಗೋಡೆ ಉಳಿದದ್ದು ಕಲ್ಲಿನಿಂದ ಎಷ್ಟೋ, ಆ ಮಾಡಿನಿಂದಲೂ ಅಷ್ಟೇ. ಇಂದು ಮಾಡನ್ನು ತೆಗೆದು, ಚಾಚಿಲ್ಲದ ಸಪಾಟು ಸ್ಲ್ಯಾಬು ಹಾಕಿ, ಕಲ್ಲನ್ನು ಅಂದಕ್ಕೆಂದು ಬರಿದೇ ಬಿಟ್ಟು, ಮೂರನೆಯ ಮಳೆಗಾಲಕ್ಕೆ ಒಳಗೆ ಹಸಿರು ಪಾಚಿ ಕಂಡಾಗ ಕಲ್ಲನ್ನು ದೂರುವುದು ನ್ಯಾಯವಲ್ಲ. ಮಾಡು ಚಾಚುವುದಿಲ್ಲವೆಂದಾದರೆ ಹೊರಗೆ ಸಾರಣೆ ಮಾಡಿಸಲೇಬೇಕು.

ಘಟ್ಟದ ಮೇಲೆ, ಬೆಂಗಳೂರಿನಂಥ ಊರಿಗೆ ಅಂದಕ್ಕಾಗಿ ಕೆಂಪುಕಲ್ಲು ತರಿಸುವವರು ಈಗ ಹೆಚ್ಚುತ್ತಿದ್ದಾರೆ. ನನಗೆ ಇದು ಒಪ್ಪಿಗೆಯಲ್ಲ. ಲಾರಿಯ ಬಾಡಿಗೆ ಕಲ್ಲಿನ ಬೆಲೆಯನ್ನೇ ನುಂಗುತ್ತದೆ, ಆ ಕಲ್ಲನ್ನು ಕೆತ್ತಿ ಮಟ್ಟ ಹಿಡಿದು ಕೂರಿಸಬಲ್ಲ ಕೈಗಳು ಕರಾವಳಿಯಲ್ಲಿ ಉಳಿದಿರುತ್ತವೆ.

ಸುಟ್ಟ ಇಟ್ಟಿಗೆ

ಒಳನಾಡಿನಲ್ಲಿ ಕೆರೆಯ ಹೂಳು, ನದಿಬಯಲಿನ ಮಣ್ಣು ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಇಟ್ಟಿಗೆಯೂ ಚೆನ್ನಾಗಿರುತ್ತದೆ. ಕೋಲಾರ ಜಿಲ್ಲೆಯ ಮಾಲೂರಿನ ಇಟ್ಟಿಗೆ, ಹಂಚುಗಳಿಗೆ ಹೆಸರು ಬಂದದ್ದು ಅಲ್ಲಿನ ಜೇಡಿಯಿಂದ. ಮಾರುಕಟ್ಟೆಯಲ್ಲಿ ನಾಡ ಇಟ್ಟಿಗೆ, ಟೇಬಲ್ ಮೌಲ್ಡ್, ವೈರ್ ಕಟ್ ಎಂಬ ಮೂರು ಬಗೆ ಸಿಗುತ್ತವೆ. ನೆಲದ ಮೇಲೆ ಅಚ್ಚು ಹೊಡೆದ ನಾಡ ಇಟ್ಟಿಗೆ ಅಗ್ಗ, ಆದರೆ ಅಳತೆ ಒಂದೇ ಸಮ ಇರುವುದಿಲ್ಲ. ಅಂಕುಡೊಂಕನ್ನು ಗಿಲಾವಿನಲ್ಲಿ ಮುಚ್ಚಬೇಕಾದ್ದರಿಂದ ಉಳಿದ ಹಣ ಸಿಮೆಂಟಿಗೆ ಹೋಗುತ್ತದೆ. ಮೇಜಿನ ಮೇಲೆ ಅಚ್ಚು ಹೊಡೆದದ್ದು ಸಾಮಾನ್ಯ ಮನೆಗೆ ಹಿತವಾದ ನಡುದಾರಿ. ಯಂತ್ರದಲ್ಲಿ ಒತ್ತಿ ತಂತಿಯಿಂದ ಕೊಯ್ದದ್ದು ಗಿಲಾವಿಲ್ಲದೆ ಬಿಡುವ ಗೋಡೆಗೆ ತಕ್ಕದ್ದು, ಬೆಲೆಯೂ ಹಾಗೇ ಇರುತ್ತದೆ.

ಇಟ್ಟಿಗೆಯ ಪರೀಕ್ಷೆ ಹಳೆಯದು, ಅದಕ್ಕೆ ಪ್ರಯೋಗಾಲಯ ಬೇಡ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿದರೆ ಕಂಚಿನ ಪಾತ್ರೆಯಂತೆ ಟಣ್ ಎನ್ನಬೇಕು. ಡಬ್ ಎಂದರೆ ಅದು ಅರೆಬೆಂದದ್ದು. ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಎದೆಮಟ್ಟದಿಂದ ಗಟ್ಟಿ ಮಣ್ಣಿನ ನೆಲಕ್ಕೆ ಬಿಟ್ಟರೆ ಒಡೆಯಬಾರದು. ಒಂದನ್ನು ಒಡೆದು ಒಳಗನ್ನು ನೋಡಬೇಕು. ನಡುವೆ ಕಪ್ಪು ತಿರುಳು ಉಳಿದಿದ್ದರೆ ಬೆಂಕಿ ಒಳಗೆ ಮುಟ್ಟಿಲ್ಲ, ಬಿಳಿಯ ಸುಣ್ಣಕಲ್ಲಿನ ಹರಳುಗಳಿದ್ದರೆ ಅವು ಮುಂದೆ ನೀರು ಕುಡಿದು ಉಬ್ಬಿ ಗಿಲಾವನ್ನು ಚಿಪ್ಪು ಚಿಪ್ಪಾಗಿ ಎಬ್ಬಿಸುತ್ತವೆ. ಇಪ್ಪತ್ತನಾಲ್ಕು ಗಂಟೆ ನೆನೆಸಿದಾಗ ತೂಕ ನೂರಕ್ಕೆ 20ಕ್ಕಿಂತ ಹೆಚ್ಚಬಾರದೆಂದು ಭಾರತೀಯ ಮಾನಕ 1077 ಹೇಳುತ್ತದೆ. ನೆನೆದ ಇಟ್ಟಿಗೆ ಒಣಗಿದ ಮೇಲೆ ಮೈಮೇಲೆ ಬಿಳಿ ಪುಡಿ ಎದ್ದರೆ ಆ ಮಣ್ಣಿನಲ್ಲಿ ಸವುಳಿದೆ; ಅಂಥ ಗೂಡಿನ ಇಟ್ಟಿಗೆ ಬೇಡವೇ ಬೇಡ, ಎಷ್ಟು ಸಲ ಬಣ್ಣ ಬಳಿದರೂ ಅದು ಸುಲಿದು ಬರುತ್ತಲೇ ಇರುತ್ತದೆ.

ಮಾದರಿಗೆಂದು ತೋರಿಸುವ ಇಟ್ಟಿಗೆ ಗೂಡಿನ ನಡುವಿನದಾಗಿರುತ್ತದೆ, ಲಾರಿಯಲ್ಲಿ ಬರುವುದರಲ್ಲಿ ಹೊರಸಾಲಿನ ಅರೆಬೆಂದದ್ದೂ ಬೆರೆತಿರುತ್ತದೆ. ಆದ್ದರಿಂದ ಪರೀಕ್ಷೆ ಗೂಡಿನ ಹತ್ತಿರವಲ್ಲ, ಮನೆಯ ಮುಂದೆ ಲಾರಿ ನಿಂತಾಗ ನಡೆಯಬೇಕು.

ಸುಟ್ಟ ಇಟ್ಟಿಗೆಯ ವಿರುದ್ಧ ಹೇಳಬೇಕಾದ ಒಂದು ಮಾತು ಬಾಕಿ ಇದೆ. ಗೂಡಿಗೆ ಸೌದೆಯೋ ಕಲ್ಲಿದ್ದಲೋ ಬೇಕು. ಹೂಳು ತೆಗೆದರೆ ಕೆರೆಗೆ ಒಳ್ಳೆಯದು, ಹೊಲದ ಮೇಲ್ಮಣ್ಣನ್ನು ಎತ್ತಿದರೆ ಆ ಹೊಲ ಹಲವು ವರ್ಷ ಬರಡು. ಯಾವ ಮಣ್ಣಿನದು ಎಂದು ಕೇಳಿ ಕೊಳ್ಳುವುದು ಕೊಳ್ಳುವವರ ಕೈಯಲ್ಲಿದೆ.

ಸಿಮೆಂಟ್ ಬ್ಲಾಕ್ ಮತ್ತು ಎಎಸಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸುತ್ತ ಈಗ ಕಟ್ಟುವ ಮನೆಗಳಲ್ಲಿ ಘನ ಸಿಮೆಂಟ್ ಬ್ಲಾಕಿನದೇ ದೊಡ್ಡ ಪಾಲು. ನಾಲ್ಕು, ಆರು, ಎಂಟು ಇಂಚಿನ ಅಳತೆ, ಬೇಗ ಏಳುವ ಗೋಡೆ, ಕಡಿಮೆ ಗಾರೆ, ಎಲ್ಲ ಕಡೆಯೂ ಸಿಗುವ ಸರಕು ಎಂಬಿವು ಅದರ ಅನುಕೂಲಗಳು. ಎಂಟು ಇಂಚಿನ ಬ್ಲಾಕು ಮೂವತ್ತು ಕೆ.ಜಿ. ಮೀರುತ್ತದೆ, ದಿನವಿಡೀ ಅದನ್ನೆತ್ತುವ ಕೂಲಿಯವರ ಬೆನ್ನನ್ನೂ ನಾವು ಲೆಕ್ಕಕ್ಕೆ ತರಬೇಕು.

ಕಲ್ಲುಪುಡಿ, ಜಲ್ಲಿ, ಸಿಮೆಂಟು ಸೇರಿಸಿ ಒತ್ತಿದ ಈ ಬ್ಲಾಕಿನ ಬಲವೆಲ್ಲ ಅದಕ್ಕೆ ಹಾಕಿದ ಸಿಮೆಂಟಿನಲ್ಲಿ ಮತ್ತು ಉಣಿಸಿದ ನೀರಿನಲ್ಲಿದೆ. ಕನಿಷ್ಠ ಎರಡು ವಾರ ನೀರುಣಿಸಿ, ಆಮೇಲೆ ಒಣಗಲು ಬಿಟ್ಟು, ನಾಲ್ಕು ವಾರ ತುಂಬಿದ ಮೇಲೆ ಗೋಡೆಗೆ ಬಳಸಬೇಕಾದದ್ದು ಕ್ರಮ. ಸಣ್ಣ ಅಂಗಳಗಳಲ್ಲಿ ನಾಲ್ಕು ದಿನ ನೀರು ಚಿಮುಕಿಸಿ ಲಾರಿಗೆ ತುಂಬುವುದೂ ಉಂಟು. ನಾನೇ ಒಮ್ಮೆ ಅವಸರಕ್ಕೆ ಬಿದ್ದು, ಬುಡ ಇನ್ನೂ ಹಸಿಯಾಗಿದ್ದ ಬ್ಲಾಕುಗಳನ್ನು ಇಳಿಸಿಕೊಂಡು ಕಟ್ಟಿಸಿದೆ. ಗಿಲಾವು, ಬಣ್ಣ ಎಲ್ಲ ಮುಗಿದ ಆರು ತಿಂಗಳಿಗೆ ಪ್ರತಿ ಕಿಟಕಿಯ ಮೂಲೆಯಿಂದಲೂ ಮೆಟ್ಟಿಲಿನಾಕಾರದ ಸೀಳು ಎದ್ದಿತು. ಹಸಿ ಬ್ಲಾಕು ಗೋಡೆಯಲ್ಲಿ ಕುಳಿತ ಮೇಲೆ ಒಣಗಿ ಕುಗ್ಗುತ್ತದೆ, ಕುಗ್ಗಿದ ಗೋಡೆ ಎಲ್ಲಿ ಬಲಹೀನವೋ ಅಲ್ಲಿ ಬಿಡುತ್ತದೆ. ತಯಾರಾದ ತಾರೀಖನ್ನು ಬ್ಲಾಕಿನ ರಾಶಿಯ ಮೇಲೆ ಬರೆಯದ ಕಡೆ ಕೊಳ್ಳಬಾರದೆಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಸೆಕೆಯ ವಿಚಾರದಲ್ಲಿ ಇದು ಎಲ್ಲಕ್ಕಿಂತ ಹಿಂದೆ ಬೀಳುವ ಸಾಮಗ್ರಿ. ಗಟ್ಟಿ ಕಾಂಕ್ರೀಟು ಇಟ್ಟಿಗೆಗಿಂತ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಪಡುವಣ ಗೋಡೆ ಮಧ್ಯಾಹ್ನ ಹೀರಿದ ಬಿಸಿಲನ್ನು ರಾತ್ರಿ ಮಲಗುವ ಹೊತ್ತಿಗೆ ಕೋಣೆಗೆ ಬಿಡುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಆರು ಇಂಚಿನ ಸಿಮೆಂಟ್ ಬ್ಲಾಕಿನ ಹೊರಗೋಡೆ ಕಟ್ಟಿಸುವುದು ಬೇಸಿಗೆಯ ಮೂರು ತಿಂಗಳನ್ನು ಕಷ್ಟಕ್ಕೆ ಒಪ್ಪಿಸಿದಂತೆ.

ಎಎಸಿ ಬ್ಲಾಕು ಇದಕ್ಕೆ ತದ್ವಿರುದ್ಧ. 1920ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಆಕ್ಸೆಲ್ ಎರಿಕ್ಸನ್ ಕಂಡುಹಿಡಿದ ಈ ಸಾಮಗ್ರಿಯಲ್ಲಿ ಸಿಮೆಂಟು, ಸುಣ್ಣ, ನುಣ್ಣಗಿನ ಮರಳು ಅಥವಾ ಹಾರುಬೂದಿಯ ಕಲಸಿಗೆ ಚೂರು ಅಲ್ಯೂಮಿನಿಯಂ ಪುಡಿ ಬೆರೆಸುತ್ತಾರೆ. ಅದರಿಂದ ಏಳುವ ಅನಿಲ ಕಲಸನ್ನು ಇಡ್ಲಿ ಹಿಟ್ಟಿನಂತೆ ಉಬ್ಬಿಸುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಘನ ಮೀಟರಿಗೆ 550ರಿಂದ 650 ಕೆ.ಜಿ. ತೂಗುವ ಇದರೊಳಗಿನ ಗಾಳಿಯ ಗುಳ್ಳೆಗಳೇ ಶಾಖವನ್ನು ತಡೆಯುತ್ತವೆ. ಪಿಲ್ಲರಿನ ಮನೆಗೆ, ಅದರಲ್ಲೂ ಮೇಲಂತಸ್ತಿನ ಗೋಡೆಗಳಿಗೆ ಇದು ಒಳ್ಳೆಯ ಆಯ್ಕೆ. ಬಲ 3ರಿಂದ 4 ನ್ಯೂಟನ್ನಿನಷ್ಟೇ ಇರುವುದರಿಂದ ಎರಡಂತಸ್ತಿನ ಭಾರ ಹೊರುವ ಗೋಡೆಗೆ ಇದನ್ನು ನಾನು ಸೂಚಿಸಲಾರೆ. ಪಿಲ್ಲರು ಮತ್ತು ಗೋಡೆ ಸೇರುವ ಸಂದಿನಲ್ಲಿ ತಂತಿಬಲೆ ಹಾಕಿಯೇ ಗಿಲಾವು ಮಾಡಬೇಕು, ಇಲ್ಲದಿದ್ದರೆ ಅಲ್ಲಿ ನೇರವಾದ ಸೀಳು ಬರುತ್ತದೆ. ಅಡುಗೆಮನೆಯ ಭಾರದ ಅಲಮಾರು, ಗೀಸರು ನೇತುಹಾಕಲು ಸಾಮಾನ್ಯ ಮೊಳೆ ಸಾಲದು. ಬಚ್ಚಲಿನ ಗೋಡೆಗೆ ನೀರುತಡೆಯ ಲೇಪ ಬೇಕು, ಯಾಕೆಂದರೆ ಈ ಬ್ಲಾಕು ನೀರನ್ನು ಬಹಳ ಕುಡಿಯುತ್ತದೆ.

ಹಾರುಬೂದಿಯ ಇಟ್ಟಿಗೆಯನ್ನು ಇಲ್ಲಿಯೇ ಹೇಳಿ ಮುಗಿಸಬಹುದು. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯ ವಿದ್ಯುತ್ ಸ್ಥಾವರಗಳ ಬೂದಿ ಹತ್ತಿರ ಸಿಗುವ ಊರುಗಳಲ್ಲಿ ಅದು ಸುಟ್ಟ ಇಟ್ಟಿಗೆಗೆ ಸಮನಾದ ಪರ್ಯಾಯ, ಅಳತೆ ನೇರವಾಗಿರುತ್ತದೆ. ನೀರುಣಿಸಿದ ದಿನಗಳ ಲೆಕ್ಕ ಸಿಮೆಂಟ್ ಬ್ಲಾಕಿನಂತೆಯೇ ಕೇಳಬೇಕು.

ಮಣ್ಣಿನ ಇಟ್ಟಿಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದೇ ಅಸ್ತ್ರ ಎಂಬ ಘಟಕ ಹುಟ್ಟಿತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಬೆಳೆಸಿದ, ಕೈಯಂತ್ರದಲ್ಲಿ ಒತ್ತಿ ಮಾಡುವ ಸಿಮೆಂಟು ಬೆರೆತ ಮಣ್ಣಿನ ಇಟ್ಟಿಗೆ ಇಂದು ಬೆಂಗಳೂರು ಸುತ್ತಮುತ್ತಲ ಎಷ್ಟೋ ಮನೆಗಳ ಗೋಡೆಯಾಗಿದೆ. ನಿವೇಶನದಲ್ಲೇ ಪಾಯ ತೋಡಿದ ಕೆಂಪುಮಣ್ಣನ್ನು ಜರಡಿ ಹಿಡಿದು, ಮರಳನ್ನೋ ಕಲ್ಲುಪುಡಿಯನ್ನೋ ಸೇರಿಸಿ, ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಬೆರೆಸಿ ಒತ್ತುತ್ತಾರೆ. ಸುಡುವುದಿಲ್ಲ, ಮೂರು ನಾಲ್ಕು ವಾರ ನೀರುಣಿಸುತ್ತಾರೆ. ಚೆನ್ನಾಗಿ ಮಾಡಿದ ಇಟ್ಟಿಗೆ ಒದ್ದೆಯಾಗಿದ್ದಾಗಲೂ 3ರಿಂದ 5 ನ್ಯೂಟನ್ ಬಲ ಕೊಡುತ್ತದೆ. ಇಂಥ ಗೋಡೆಗೆ ತಗಲುವ ಇಂಧನಶಕ್ತಿ ಸುಟ್ಟ ಇಟ್ಟಿಗೆಯ ಗೋಡೆಯ ಸುಮಾರು ಮೂರನೆಯ ಒಂದು ಪಾಲು.

ನನ್ನ ಮನಸ್ಸು ಈ ಇಟ್ಟಿಗೆಯ ಕಡೆಗೆ ವಾಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲ ಮಣ್ಣೂ ಇದಕ್ಕೆ ಆಗದು. ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಟ್ಟರೆ, ತಳದಲ್ಲಿ ಮರಳು, ಅದರ ಮೇಲೆ ನುಣ್ಣನೆಯ ಗೋಡು, ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಮರಳಿನ ಪದರ ಮೂರರಲ್ಲಿ ಎರಡು ಪಾಲಿನಷ್ಟಿದ್ದು ಜೇಡಿ ಸ್ವಲ್ಪವೇ ಇರಬೇಕು. ಜೇಡಿ ಹೆಚ್ಚಿದ್ದರೆ ಮರಳು ಬೆರೆಸಬೇಕು. ಬಯಲುಸೀಮೆಯ ದಕ್ಷಿಣ ಭಾಗದ ಕೆಂಪುಮಣ್ಣಿಗೆ ಸಿಮೆಂಟು ಒಗ್ಗುತ್ತದೆ. ಉತ್ತರದ ಎರೆಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಜಾತಿಯದು, ಅದರಿಂದ ಈ ಇಟ್ಟಿಗೆ ಮಾಡಲು ಹೊರಡಬಾರದು. ಇನ್ನೊಂದು ತೊಡಕೆಂದರೆ ಕೈ. ಒತ್ತುವಾಗ ತೇವ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಲ ಇಳಿಯುತ್ತದೆ, ಹಾಗಾಗಿ ಈ ಕೆಲಸ ಬಲ್ಲ ತಂಡ ಸಿಗದ ಊರಿನಲ್ಲಿ ಹೊಸಬರಿಂದ ಮಾಡಿಸುವುದಕ್ಕಿಂತ ಒಳ್ಳೆಯ ಇಟ್ಟಿಗೆ ಕೊಳ್ಳುವುದೇ ಲೇಸು.

ಕಲ್ಲು

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಣಚು ಬಂಡೆಯನ್ನು ಸೀಳಿದ ಚಪ್ಪಡಿ, ಸೈಜುಗಲ್ಲು. ಕಲಬುರಗಿ ಸೀಮೆಯಲ್ಲಿ ಶಹಾಬಾದಿನ ಫರಸಿ. ಪಾಯಕ್ಕೆ ಸೈಜುಗಲ್ಲನ್ನು ಮೀರಿದ್ದಿಲ್ಲ. ಗೋಡೆಗೆ ಬಂದಾಗ ಪ್ರಶ್ನೆ ಬೇರೆಯಾಗುತ್ತದೆ. ಕಲ್ಲಿಗೆ ಬಲದ ಕೊರತೆ ಎಂದೂ ಇಲ್ಲ, ಕಲ್ಲಿನ ಗೋಡೆ ಕೆಡುವುದು ಕಟ್ಟಿದ ರೀತಿಯಿಂದ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ, ಕಲಬುರಗಿ ಜಿಲ್ಲೆಗಳ ನೆರೆಯಲ್ಲೇ ಇರುವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಉರುಳಿದ್ದು ಉಂಡೆಗಲ್ಲುಗಳನ್ನು ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆಗಳು ಮತ್ತು ಅವುಗಳ ಮೇಲಿದ್ದ ಮಣ್ಣಿನ ಭಾರವಾದ ಮಾಳಿಗೆಗಳು. ಗೋಡೆಯ ಒಳಮೈ, ಹೊರಮೈ ಬೇರೆ ಬೇರೆಯಾಗಿ ಎದ್ದು, ನಡುವೆ ಚೂರುಕಲ್ಲು ತುಂಬಿದ್ದರಿಂದ ನೆಲ ಅದುರಿದಾಗ ಎರಡೂ ಮೈ ಬಿಚ್ಚಿಕೊಂಡವು. ಆ ಸೀಮೆಯಲ್ಲಿ ಕಲ್ಲಿನ ಗೋಡೆ ಕಟ್ಟಿಸುವವರು ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿ ಅಂತರಕ್ಕೊಂದರಂತೆ, ಗೋಡೆಯ ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದಕಲ್ಲನ್ನು ಇಡಿಸಲೇಬೇಕು, ಲಿಂಟಲ್ಲಿನ ಮಟ್ಟದಲ್ಲಿ ಕಾಂಕ್ರೀಟ್ ಪಟ್ಟಿ ಹಾಕಿಸಲೇಬೇಕು. ಈ ಎರಡನ್ನು ಮಾಡಿಸಲಾಗದಿದ್ದರೆ ಅಲ್ಲಿ ಇಟ್ಟಿಗೆಯೇ ಮೇಲು.

ಗಾರೆ ಮತ್ತು ನೀರು

ಸಾಮಗ್ರಿಯನ್ನು ಎಷ್ಟು ಜಾಗ್ರತೆಯಿಂದ ಆರಿಸಿದವರೂ ಗಾರೆಯನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಸಿಮೆಂಟು ಹೆಚ್ಚಾದಷ್ಟೂ ಗೋಡೆ ಗಟ್ಟಿ ಎಂಬುದು ತಪ್ಪು ಎಣಿಕೆ. ಗಾರೆ ಯಾವಾಗಲೂ ಕಲ್ಲಿಗಿಂತ ಸ್ವಲ್ಪ ಮೆದುವಾಗಿರಬೇಕು. ಆಗ ಗೋಡೆ ಅಲುಗಿದರೆ ಸಂದು ಬಿರಿಯುತ್ತದೆ, ಅದನ್ನು ತುಂಬಬಹುದು. ಗಾರೆಯೇ ಗಟ್ಟಿಯಾದರೆ ಇಟ್ಟಿಗೆ ಸೀಳುತ್ತದೆ. ಒಂದಕ್ಕೆ ಆರು ಪಾಲು ಮರಳು ಸಾಮಾನ್ಯ ಇಟ್ಟಿಗೆ, ಕೆಂಪುಕಲ್ಲು, ಬ್ಲಾಕಿನ ಗೋಡೆಗೆ ಸಾಕು. ಮಣ್ಣಿನ ಇಟ್ಟಿಗೆಗೆ ಸಿಮೆಂಟು, ಮಣ್ಣು, ಮರಳು ಬೆರೆತ ಗಾರೆ ಇನ್ನೂ ಚೆನ್ನಾಗಿ ಕೂಡುತ್ತದೆ. ಸುಣ್ಣ ಬೆರೆಸಬಲ್ಲ ಕೈ ಸಿಕ್ಕರೆ ಕೆಂಪುಕಲ್ಲಿಗೆ ಅದಕ್ಕಿಂತ ಹಿತವಾದದ್ದಿಲ್ಲ. ಕಲಸಿದ ಗಾರೆಯನ್ನು ಒಂದು ಗಂಟೆ ಮೀರಿ ಇಟ್ಟುಕೊಂಡು ಮತ್ತೆ ನೀರು ಹಾಕಿ ಬಳಸುವುದನ್ನು ನೋಡಿದರೆ ತಡೆಯಬೇಕು. ಸುಟ್ಟ ಇಟ್ಟಿಗೆಯನ್ನು ಕಟ್ಟುವ ಮೊದಲು ನೆನೆಸಬೇಕು, ಅದರ ತಗ್ಗು ಮೇಲ್ಮುಖವಾಗಿ ಕೂರಬೇಕು. ಸಿಮೆಂಟ್ ಬ್ಲಾಕನ್ನು ನೆನೆಸಬಾರದು, ಮೈಯನ್ನು ತುಸು ತೇವ ಮಾಡಿದರೆ ಸಾಕು. ಎರಡಕ್ಕೂ ಒಂದೇ ಉಪಚಾರ ಮಾಡುವ ಮೇಸ್ತ್ರಿಗಳು ಬಹಳ.

ಎರೆಮಣ್ಣಿನ ಸೀಮೆಯಲ್ಲಿ ಗೋಡೆ ಸೀಳಿದರೆ ತಪ್ಪು ಬಹುಮಟ್ಟಿಗೆ ಗೋಡೆಯದಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ನೆಲ ಪಾಯವನ್ನೇ ಎತ್ತಿ ಇಳಿಸುತ್ತದೆ. ಅಲ್ಲಿ ಗೋಡೆಯ ಸಾಮಗ್ರಿಯಲ್ಲಿ ಉಳಿಸಿದ ಹಣವನ್ನು ಪಾಯಕ್ಕೆ ಹಾಕಬೇಕು. ಎರೆಯನ್ನು ದಾಟಿ ಗಟ್ಟಿ ನೆಲ ಮುಟ್ಟುವವರೆಗೆ ಇಳಿಯಬೇಕು, ಮನೆಯ ಸುತ್ತ ನೀರು ನಿಲ್ಲದಂತೆ ಮೂರಡಿಯ ಕಟ್ಟೆ ಹಾಕಿಸಬೇಕು.

ಊರಿಗೆ ತಕ್ಕ ಆಯ್ಕೆ

ಇಷ್ಟನ್ನು ಮುಂದಿಟ್ಟುಕೊಂಡು ನನ್ನನ್ನು ಕೇಳಿದರೆ, ಕರಾವಳಿ ಹಾಗೂ ಅದರ ಅಂಚಿನ ಮಲೆನಾಡಿನಲ್ಲಿ ಎರಡಂತಸ್ತಿನವರೆಗೆ ಕೆಂಪುಕಲ್ಲು, ಚಾಚಿದ ಮಾಡು, ಪಿಲ್ಲರಿಲ್ಲದ ಗೋಡೆ ಎನ್ನುತ್ತೇನೆ. ಎರಡನೆಯ ಅಂತಸ್ತು ಇರುವಲ್ಲಿ 5 ನ್ಯೂಟನ್ ಬಲದ ಕಲ್ಲೆಂದು ಖಾತ್ರಿಯಾಗಬೇಕು. ಬೆಂಗಳೂರು, ತುಮಕೂರು, ಕೋಲಾರ, ಮೈಸೂರುಗಳ ಕೆಂಪುನೆಲದಲ್ಲಿ ತಂಡ ಸಿಕ್ಕರೆ ಮಣ್ಣಿನ ಇಟ್ಟಿಗೆ, ಇಲ್ಲದಿದ್ದರೆ ಟೇಬಲ್ ಮೌಲ್ಡ್ ಸುಟ್ಟ ಇಟ್ಟಿಗೆ. ಪಿಲ್ಲರು ಅನಿವಾರ್ಯವಾದ ಇಕ್ಕಟ್ಟಿನ ನಗರದ ನಿವೇಶನದಲ್ಲಿ ಎಎಸಿ. ರಾಯಚೂರು, ಬಳ್ಳಾರಿಯ ಬಿಸಿಲಿಗೆ ಒಂಬತ್ತು ಇಂಚಿನ ಇಟ್ಟಿಗೆ ಅಥವಾ ಹಾರುಬೂದಿಯ ಇಟ್ಟಿಗೆ, ಪಡುವಣ ಗೋಡೆಗೆ ನೆರಳಿನ ಏರ್ಪಾಡು. ಘನ ಸಿಮೆಂಟ್ ಬ್ಲಾಕನ್ನು ನಾನು ಕಾಂಪೌಂಡಿಗೆ, ಒಳಗಿನ ಅಡ್ಡಗೋಡೆಗೆ, ದನದ ಕೊಟ್ಟಿಗೆಗೆ, ಗೋದಾಮಿಗೆ ಇಡುತ್ತೇನೆ. ಮಲಗುವ ಕೋಣೆಯ ಹೊರಗೋಡೆಗೆ ಬೇರೇನೂ ಸಿಗದಿದ್ದಾಗ ಮಾತ್ರ.

ಕೊಳ್ಳುವ ಕಾಲವೂ ಆಯ್ಕೆಯ ಒಂದು ಭಾಗ. ಬಯಲಿನ ಗೂಡುಗಳಲ್ಲಿ ಇಟ್ಟಿಗೆ ಒಣಗುವುದೂ ಬೇಯುವುದೂ ಚಳಿಗಾಲ ಮುಗಿದು ಮಳೆ ಹಿಡಿಯುವವರೆಗೆ. ಮಳೆಗಾಲದಲ್ಲಿ ಉಳಿದಿರುವುದು ಹಿಂದಿನ ರಾಶಿಯ ಆಯ್ದು ಬಿಟ್ಟದ್ದು, ಬೆಲೆ ಮಾತ್ರ ಹೆಚ್ಚು. ಕೆಂಪುಕಲ್ಲಿನ ವಿಷಯದಲ್ಲಿ ಮೇ ತಿಂಗಳೊಳಗೆ ಕಲ್ಲು ತರಿಸಿ, ಒಂದರ ಮೇಲೊಂದು ಒತ್ತದಂತೆ ಸಡಿಲವಾಗಿ ಪೇರಿಸಿ, ಇಡೀ ಮಳೆಗಾಲ ಬಯಲಲ್ಲೇ ಬಿಡಬೇಕು. ಮೆದು ಕಲ್ಲುಗಳ ಅಂಚು ಅಷ್ಟರಲ್ಲಿ ತಾನಾಗಿಯೇ ಕರಗಿ ಗುರುತು ಸಿಗುತ್ತದೆ. ಅವನ್ನು ತೋಟದ ಕಟ್ಟೆಗೋ ಕಾಂಪೌಂಡಿಗೋ ತೆಗೆದಿಟ್ಟು, ಉಳಿದವನ್ನು ದೀಪಾವಳಿ ಕಳೆದ ಮೇಲೆ ಗೋಡೆಗೆ ಏರಿಸಬಹುದು.